ಎಂಜಲಿನ ಚೀಲ

ಚೆನ್ನೈನ ಅಂಬತ್ತೂರಿನಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ಕೆಳಮನೆಯ ಹರಿದಾಸರು ಅರವತ್ತು ದಾಟಿದ ಮೇಲೆ ತಮ್ಮ ಹಳೆಯ ಟಿವಿಎಸ್ ಎಕ್ಸೆಲ್ ಹತ್ತಿ ಉಡುಪಿಯವರೆಗೆ ಹೋಗಿಬರುತ್ತೇನೆ ಎಂದಾಗ ನಾನು ನಕ್ಕುಬಿಟ್ಟೆ. ಆ ಗಾಡಿಯಲ್ಲಿ ಅವರು ಆವರೆಗೆ ಹೋಗಿದ್ದ ಅತಿ ದೂರದ ಜಾಗ ಚೆನ್ನೈನದೇ ಇನ್ನೊಂದು ತುದಿಯ ತಿರುವೊಟ್ಟಿಯೂರು. ಅಲ್ಲಿಯ ಕಾರ್ಖಾನೆಯೊಂದಕ್ಕೆ ಸ್ಯಾಂಪಲ್ ಬೋಲ್ಟುಗಳನ್ನು ಕೊಟ್ಟು ಬಂದು, ಸೊಂಟ ಹಿಡಿದು, ಮಾರನೆಯ ದಿನ ರಜೆ ಹಾಕಿದ್ದರು.

"ನಗಬೇಡಿ ಪ್ರತಾಪ್. ವಂಡಿ ತಾಳತ್ತಾ ಇಲ್ಲವಾ, ನೋಡಿ ಸೊಲ್ಲಿ," ಎಂದರು.

ಅವರ ಕನ್ನಡವೇ ಹಾಗೆ. ನಾಲ್ಕು ತಲೆಮಾರಿನ ಹಿಂದೆ ಮದ್ರಾಸಿಗೆ ಬಂದು ತಿರುವಲ್ಲಿಕ್ಕೇಣಿಯಲ್ಲಿ ನೆಲೆಯೂರಿದ ಮಾಧ್ವರ ಮನೆಯ ಕನ್ನಡ. ಗಾಡಿ ವಂಡಿಯಾಗುತ್ತದೆ, ಹೇಳುವುದು ಸೊಲ್ಲುವುದಾಗುತ್ತದೆ. ನಾನು ಮಂಡ್ಯದ ಕಡೆಯವನು. ಇಬ್ಬರೂ ಒಂದೇ ಫ್ಯಾಕ್ಟರಿಯಲ್ಲಿದ್ದೆವು, ಅವರು ಸ್ಟೋರ್ಸ್‌ನಲ್ಲಿ, ನಾನು ಕ್ವಾಲಿಟಿಯಲ್ಲಿ. ಅವರು ರಿಟೈರ್ ಆದರು, ನಾನಿನ್ನೂ ಅಲ್ಲೇ ಇದ್ದೇನೆ. ಅವರ ಮಡಿ ಮೈಲಿಗೆಯನ್ನು ಕಂಡರೆ ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಕೋಪ. ಕ್ಯಾಂಟೀನಿನ ನೀರನ್ನೂ ಮುಟ್ಟದೆ ಮೂವತ್ತು ವರ್ಷ ನೌಕರಿ ಮಾಡಿದ ಮನುಷ್ಯ! ಆದರೂ ನನ್ನ ಹೆಂಡತಿಯ ಹೆರಿಗೆಯ ಸಮಯದಲ್ಲಿ ಆಸ್ಪತ್ರೆಗೆ ಬಿಸಿನೀರು, ಸಾರನ್ನ ಹೊತ್ತು ತಂದವರು ಇವರೇ. ಹಾಗಾಗಿ ಬೈಯುತ್ತಲೇ ಹತ್ತಿರವಾಗಿದ್ದೆ.

ಉಡುಪಿ ಯಾಕೆ ಎಂದು ಕೇಳಿದ ಮೇಲೆ ನನ್ನ ನಗು ನಿಂತುಹೋಯಿತು.

ಹರಿದಾಸರಿಗೂ ಅವರ ಹೆಂಡತಿ ಜಯಲಕ್ಷ್ಮಮ್ಮನವರಿಗೂ ಮಕ್ಕಳಿಲ್ಲ. ತಮ್ಮನೂ ತಮ್ಮನ ಹೆಂಡತಿಯೂ ರಸ್ತೆ ಅಪಘಾತದಲ್ಲಿ ಹೋದಾಗ, ಅವರ ಒಬ್ಬಳೇ ಮಗಳು ಸುಮೇಧಾಳನ್ನು ತಂದು ಸಾಕಿದರು. ದೊಡ್ಡಪ್ಪ ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಉತ್ತರ ಕೊಡುತ್ತಿದ್ದಳು. ಬಿ.ಕಾಂ. ಓದುತ್ತಿದ್ದಾಗ ರಕ್ತದ ಕ್ಯಾನ್ಸರ್ ಎಂದರು. ಒಂದು ಸುತ್ತಿನ ಚಿಕಿತ್ಸೆಯಲ್ಲಿ ಹೋದಂತೆ ಮಾಡಿ ಮತ್ತೆ ಬಂತು. ಇನ್ನು ಉಳಿದಿರುವುದು ಒಂದೇ ದಾರಿ, ಬೇರೊಬ್ಬರ ಮೂಳೆಮಜ್ಜೆಯ ಜೀವಕೋಶವನ್ನು ಇವಳಿಗೆ ಕೊಡುವುದು ಎಂದು ಡಾಕ್ಟರು ಹೇಳಿದರು. ಯಾರದೋ ಕೊಟ್ಟರಾಗದು, ಹೊಂದಬೇಕು. ಒಡಹುಟ್ಟಿದವರಿಲ್ಲ, ಹೆತ್ತವರಿಲ್ಲ. ದೊಡ್ಡಪ್ಪನದು ಹೊಂದಲಿಲ್ಲ. ತಲೆಮಾರುಗಳಿಂದ ತಮ್ಮ ತಮ್ಮಲ್ಲೇ ಮದುವೆಯಾಗುತ್ತ ಬಂದ ಜನರ ನಡುವೆ ಹುಡುಕಿದರೆ ಸಿಕ್ಕರೂ ಸಿಕ್ಕೀತು ಎಂದರಂತೆ.

ನುಂಗಂಬಾಕ್ಕಂನಲ್ಲಿ ಇಂಥ ದಾನಿಗಳ ಹೆಸರು ಬರೆಸಿಕೊಳ್ಳುವ ಒಂದು ಸೇವಾಸಂಸ್ಥೆ ಇದೆ. ಅಲ್ಲಿ ಕೆಲಸ ಮಾಡುವ ಗಗನಾ ಎಂಬ ಹಾಸನದ ಹುಡುಗಿ ದಾರಿ ತೋರಿಸಿದಳು. ಹತ್ತಿ ಸುತ್ತಿದ ಕಡ್ಡಿಯನ್ನು ಕೆನ್ನೆಯ ಒಳಬದಿಗೆ ಉಜ್ಜಿ, ಕಾಗದದ ಕವರಿಗೆ ಹಾಕಿ, ಮೇಲೆ ಹೆಸರು, ಫೋನ್ ನಂಬರ್ ಬರೆದು ಲ್ಯಾಬಿಗೆ ಕೊಟ್ಟರಾಯಿತು. "ಅಂಕಲ್, ನೀವು ಸಣ್ಣ ಗಾಡಿಯಲ್ಲಿ ಊರೂರು ಸುತ್ತಿದ್ರೆ ಜನ ನಿಂತು ಕೇಳ್ತಾರೆ. ನಿಮ್ಮ ಮಗಳಿಗೆ ಹೊಂದದೆ ಹೋದ್ರೂ ಇನ್ಯಾವುದೋ ಮಗುಗೆ ಹೊಂದಬಹುದು," ಎಂದಳು. ಹೀಗೆ ಅದು ಧರ್ಮಕಾರ್ಯದ ಯಾತ್ರೆಯಾಯಿತು. ಹೆಸರು ಎಲ್ಲರ ಮಕ್ಕಳದು, ಮನಸ್ಸಿನಲ್ಲಿದ್ದದ್ದು ಸುಮೇಧಾ ಒಬ್ಬಳೇ. ಅದನ್ನು ತಪ್ಪು ಎನ್ನುವವರು ಮಕ್ಕಳನ್ನು ಸಾಕಿಲ್ಲ ಎಂದು ನನ್ನ ಅಭಿಪ್ರಾಯ.

ಗಾಡಿಗೆ ನಾನೇ ಹೊಸ ಟೈರು, ಹೊಸ ಚೈನು ಹಾಕಿಸಿದೆ. ಹೊರಡುವ ದಿನದ ಹರಿದಾಸರನ್ನು ನೀವು ನೋಡಬೇಕಿತ್ತು. ಕೆಳಗೆ ಕಚ್ಚೆಪಂಚೆ, ಮೇಲೆ ಸಂಸ್ಥೆಯವರು ಕೊಟ್ಟ ಕಿತ್ತಳೆ ಬಣ್ಣದ ಟೀ ಶರ್ಟು, ಹೆಲ್ಮೆಟ್ಟಿನಡಿ ಅಂಗಾರ ಅಕ್ಷತೆ. ಮುಂದೆ ಕಾಲಿಡುವ ಜಾಗದಲ್ಲಿ ಒಂದು ಸ್ಟೌವು, ಅಕ್ಕಿ, ಬೇಳೆ. ಕುತ್ತಿಗೆಗೆ ನೇತುಹಾಕಿ ಎದೆಯ ಮೇಲೆ ಬರುವಂತೆ ಒಂದು ಬಟ್ಟೆಯ ಚೀಲ, ಅದರೊಳಗೆ ಪುಟ್ಟ ಹಿತ್ತಾಳೆ ಸಂಪುಟದಲ್ಲಿ ಮನೆದೇವರಾದ ಸಾಲಿಗ್ರಾಮ. ಅದಕ್ಕೆ ದಿನವೂ ಪೂಜೆ ತಪ್ಪಬಾರದು, ಹೆಂಗಸರು ಮುಟ್ಟುವ ಪದ್ಧತಿಯಿಲ್ಲ, ಮನೆಯಲ್ಲಿ ಬೇರೆ ಗಂಡಸಿಲ್ಲ. ಹಾಗಾಗಿ ದೇವರೂ ಎಕ್ಸೆಲ್ ಹತ್ತಿದ.

"ಏನ್ ಸಾ, ದೇವ್ರಿಗೆ ಹೆಲ್ಮೆಟ್ ಬ್ಯಾಡ್ವಾ?" ಎಂದು ರೇಗಿಸಿದೆ. ಅವರಿಗೂ ನಗು ಬಂತು.

ಗಗನಾ ಕಡ್ಡಿಗಳ ಕಟ್ಟಿನ ಜೊತೆ ಜಿಪ್ ಇರುವ ಒಂದು ದಪ್ಪ ಪ್ಲಾಸ್ಟಿಕ್ ಚೀಲವನ್ನೂ ಕೊಟ್ಟಿದ್ದಳು. "ತಗೊಂಡ ಕವರುಗಳನ್ನ ಇದರಲ್ಲೇ ಇಡಿ ಅಂಕಲ್. ಒಂದು ಹನಿ ನೀರೂ ಸೋಕಬಾರದು. ಊರೂರಿನಿಂದ ಕೊರಿಯರ್ ಮಾಡಿದ್ರೆ ಇನ್ನೂ ಒಳ್ಳೇದು," ಎಂದಳು. "ಕೊರಿಯರ್‌ನವನು ಕಳೆದುಬಿಟ್ಟರೆ? ನಾನೇ ತರ್ತೇನಮ್ಮಾ," ಎಂದರು ಇವರು. ಸುಮೇಧಾ ಆಸ್ಪತ್ರೆಯಿಂದ ಫೋನಿನಲ್ಲಿ, "ದೊಡ್ಡಪ್ಪಾ, ಪಾತ್ತು ಪೋಂಗೋ," ಎಂದಳು. ನೋಡಿಕೊಂಡು ಹೋಗಿ ಎಂದು.

ಸಂಜೆ ಸಂಜೆ ನನಗೆ ಫೋನ್ ಬರುತ್ತಿತ್ತು. ವೇಲೂರು ದಾಟಿದೆ, ಮುಳಬಾಗಿಲಿಗೆ ಬಂದೆ, ಲಾರಿಯವರು ಗಾಳಿಯಲ್ಲೇ ತಳ್ಳಿಬಿಡ್ತಾರೆ, ಸೊಂಟ ಇದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ. ನಿಜವಾದ ಕಷ್ಟ ರಸ್ತೆಯದಲ್ಲ, ಬಾಯಿಯದು. ಅವರು ಹೋಗುತ್ತಿದ್ದದ್ದು ತಮ್ಮವರು ಸೇರುವ ಮಠಗಳಿಗೆ, ಆರಾಧನೆಯ ಪಂಕ್ತಿಗಳಿಗೆ. ಅಲ್ಲಿ ಮಡಿಯಲ್ಲಿರುವವರ ಮುಂದೆ, ಬಾಯಿಗೆ ಕಡ್ಡಿ ಹಾಕಿ ತೆಗೆದು ಕೊಡಿ ಎಂದರೆ? ಎಂಜಲು! ಮೊದಲ ಊರಿನಲ್ಲಿ ಹುಡುಗರು ಒಬ್ಬರ ಮುಖ ಒಬ್ಬರು ನೋಡಿ ಹಿಂದೆ ಸರಿದರಂತೆ. ಹಿರಿಯರೊಬ್ಬರು, "ಮಾಡೋದು ಪುಣ್ಯದ ಕೆಲಸವೇ. ಆದರೆ ಇಲ್ಲಿ ಬೇಡಪ್ಪ," ಎಂದರಂತೆ.

ಆಗ ಹರಿದಾಸರು ಮಾಡಿದ್ದನ್ನು ಕೇಳಿ ನಾನು ಬೆರಗಾದೆ. ಪೂಜೆ ಮುಗಿಸಿ ಮಡಿಯಲ್ಲೇ ಇದ್ದ ಮನುಷ್ಯ, ಅಷ್ಟೂ ಜನರೆದುರು ತಮ್ಮ ಬಾಯಿಗೇ ಕಡ್ಡಿ ಹಾಕಿ ಕೆನ್ನೆಗೆ ಉಜ್ಜಿ ತೆಗೆದು ತೋರಿಸಿದರಂತೆ. "ನನ್ನ ಮಡಿ ಕೆಟ್ಟಿತು. ಮತ್ತೆ ಸ್ನಾನ ಮಾಡಿದರೆ ಬರುತ್ತೆ. ಹುಡುಗಿ ಹೋದರೆ ಬರಲ್ಲ," ಎಂದರಂತೆ. ಆ ಮಾತಿಗೆ ಆ ಹಿರಿಯರೇ ತಮ್ಮ ಮೊಮ್ಮಗನನ್ನು ಕರೆದು ನಿಲ್ಲಿಸಿದರು. ಅಲ್ಲಿಂದ ಮುಂದೆ ಕೆಲಸ ಸಾಗಿತು. ಊಟವಾಗಿ, ಬಾಯಿ ತೊಳೆದು, ಒಂದಿಷ್ಟು ಹೊತ್ತು ಕಳೆದ ಮೇಲೆ ಹುಡುಗರು, ಹುಡುಗಿಯರು ಸಾಲಾಗಿ ಬಂದು ಕಡ್ಡಿ ತೆಗೆದುಕೊಂಡರು. ಅಬ್ಬೂರು, ಸೋಸಲೆ, ನಂಜನಗೂಡು ಎಂದು ಊರುಗಳು ಬೆಳೆದವು, ಕವರುಗಳ ಕಟ್ಟು ದಪ್ಪವಾಯಿತು. "ಪ್ರತಾಪ್, ಇದರಲ್ಲಿ ಒಬ್ಬರು ಇದ್ದೇ ಇರ್ತಾರೆ. ನನಗೆ ನಂಬಿಕೆ ಬಂದುಬಿಟ್ಟಿದೆ," ಎಂದು ನಂಜನಗೂಡಿನಿಂದ ಹೇಳಿದಾಗ ಅವರ ದನಿ ನನಗಿಂತ ಚಿಕ್ಕವರ ದನಿಯಂತಿತ್ತು. ಅವರ ಮಡಿಯನ್ನು ಅಷ್ಟು ವರ್ಷ ಬೈದದ್ದಕ್ಕೆ ನನಗೇ ಪಿಚ್ಚೆನಿಸಿತು.

ಅಷ್ಟರಲ್ಲಿ ಇಲ್ಲಿ ಸುಮೇಧಾಗೆ ಜ್ವರ ಏರಿತು. ಜಯಲಕ್ಷ್ಮಮ್ಮ ಫೋನ್ ಮಾಡಿ, "ಉಡುಪಿ ಬೇಡಾಂದ್ರೆ ಬೇಡ, ಬಂದುಬಿಡಿ," ಎಂದು ಅತ್ತರು. ಹರಿದಾಸರು ಗಾಡಿ ತಿರುಗಿಸಿದರು.

ಕೃಷ್ಣಗಿರಿ ಬಿಟ್ಟ ಮೇಲೆ ಮಳೆ ಹಿಡಿಯಿತು. ನಿಲ್ಲಬಹುದಿತ್ತು. ನಿಲ್ಲುವ ಮನಸ್ಸಾದರೂ ಎಲ್ಲಿತ್ತು? ರೇನ್‌ಕೋಟ್ ಹಾಕಿಕೊಂಡು, ಎದೆಯ ಮೇಲಿನ ದೇವರನ್ನು ಒಂದು ಕೈಯಲ್ಲಿ ಆಗಾಗ ಮುಟ್ಟಿ ನೋಡಿಕೊಳ್ಳುತ್ತ, ವಾಣಿಯಂಬಾಡಿ, ಆಂಬೂರು ದಾಟಿ ವೇಲೂರಿನವರೆಗೆ ನೆನೆಯುತ್ತಲೇ ಬಂದರು. ಅಲ್ಲೊಂದು ಛತ್ರದಲ್ಲಿ ಇಳಿದು ದೇವರನ್ನು ತೆಗೆದು ನೋಡಿದರು. ಸಂಪುಟಕ್ಕೆ ಒಂದು ಹನಿ ತಾಗಿರಲಿಲ್ಲ. ತಾಗುವುದು ಹೇಗೆ? ಅದು ಗಗನಾ ಕೊಟ್ಟ ಜಿಪ್ಪಿನ ಪ್ಲಾಸ್ಟಿಕ್ ಚೀಲದಲ್ಲಿತ್ತು.

ಹೌದು. ಹೊರಟ ದಿನವೇ ಅವರು ಹಾಗೆ ಮಾಡಿದ್ದರು. ಪ್ಲಾಸ್ಟಿಕ್ ಚೀಲ ಹೊಸದು, ಯಾರೂ ಬಳಸದ್ದು, ಶುದ್ಧವಾದದ್ದು. ಅದು ದೇವರಿಗೆ ಸಲ್ಲಬೇಕಾದದ್ದು ಎಂದುಕೊಂಡರು. ಕವರುಗಳಲ್ಲಿ ಇರುವುದು ನೂರಾರು ಜನರ ಎಂಜಲು. ಅದನ್ನು ದೇವರ ಜೊತೆ ಎದೆಗೆ ಕಟ್ಟಿಕೊಳ್ಳುವಂತಿಲ್ಲ, ಅಕ್ಕಿ ಬೇಳೆಯ ಪಕ್ಕ ಇಡುವಂತಿಲ್ಲ, ಮಡಿಪಂಚೆಯ ಗಂಟಿಗೆ ತಗುಲಿಸುವಂತಿಲ್ಲ. ಹಾಗಾಗಿ ಯಾವುದೋ ಮದುವೆಯಲ್ಲಿ ತಾಂಬೂಲ ಹಾಕಿಕೊಟ್ಟಿದ್ದ ಹಳದಿ ಬಟ್ಟೆಯ ಚೀಲ, ತಮಿಳುನಾಡಿನಲ್ಲಿ ಮನೆಮನೆಯಲ್ಲೂ ಇರುವ ಮಂಜಪೈ, ಅದರೊಳಗೆ ಕವರುಗಳನ್ನು ಹಾಕಿ ಗಾಡಿಯ ಹಿಂಬದಿಯ ಕೊಂಡಿಗೆ ನೇತುಹಾಕಿದ್ದರು. ಅಷ್ಟು ಜನರೆದುರು ಬಾಯಿಗೆ ಕಡ್ಡಿ ಹಾಕಿ ದೊಡ್ಡ ಗೋಡೆಯನ್ನೇ ಹಾರಿದ ಮನುಷ್ಯ, ಈ ಸಣ್ಣ ಹೊಸ್ತಿಲು ಎಡವಿದರು. ಅವರಿಗೆ ಇದರಲ್ಲಿ ಯೋಚಿಸುವಂಥದ್ದು ಇದೆ ಎಂದೇ ತೋಚಿರಲಿಲ್ಲ. ಹುಟ್ಟಿದಂದಿನಿಂದ ಎಂಜಲನ್ನು ಒಂದು ಕಡೆ, ದೇವರನ್ನು ಇನ್ನೊಂದು ಕಡೆ ಇಟ್ಟ ಕೈಗಳು ತಾವಾಗಿಯೇ ಹಾಗೆ ಇಟ್ಟಿದ್ದವು.

ಹಳದಿ ಚೀಲ ಹಿಂಡಿದರೆ ನೀರು ಸುರಿಯುವಂತಾಗಿತ್ತು. ಛತ್ರದ ಕೋಣೆಯ ಬಾಗಿಲು ಹಾಕಿಕೊಂಡು, ಫ್ಯಾನಿನ ಕೆಳಗೆ ಒಂದೊಂದೇ ಕವರು ಹರಡಿದರಂತೆ. ಕಾಗದ ಒಂದಕ್ಕೊಂದು ಅಂಟಿ, ಬಿಡಿಸಲು ಹೋದರೆ ಹರಿಯುತ್ತಿತ್ತು. ಹೆಸರುಗಳ ಮಸಿ ಹರಡಿ ನೀಲಿಯಾಗಿತ್ತು. ಬರಿಗೈಯಲ್ಲಿ ಆ ಹತ್ತಿಯನ್ನೆಲ್ಲ ಮುಟ್ಟಿ, ಪಂಚೆಯಿಂದ ಒತ್ತಿ, ಸ್ಟೌವಿನ ಬಳಿ ಹಿಡಿದು ಒಣಗಿಸಿದರು. ಮಡಿಪಂಚೆಯಿಂದಲೇ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ನುಂಗಂಬಾಕ್ಕಂಗೆ ಅವರ ಜೊತೆ ನಾನೂ ಹೋಗಿದ್ದೆ. ಗಗನಾ ಚೀಲ ಬಿಚ್ಚಿದಳು. ಬೂಷ್ಟಿನ ವಾಸನೆ ಬಂತು. ಅವಳು ಒಂದೊಂದನ್ನೇ ಎತ್ತಿ ನೋಡಿ, ಕೊನೆಗೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಳು. "ಅಂಕಲ್, ಇದು ನೆನೆದುಹೋಗಿದೆ. ಟೆಸ್ಟ್ ಮಾಡೋಕಾಗಲ್ಲ. ನಂಬರ್ ಓದೋಕಾಗೋರಿಗೆ ಮತ್ತೆ ಕಿಟ್ ಕಳಿಸ್ತೀವಿ," ಎಂದಳು. ಓದಲು ಬಂದದ್ದು ಬೆರಳೆಣಿಕೆಯಷ್ಟು. ಅವರಲ್ಲಿ ಕೆಲವರು ಮತ್ತೆ ಕಳಿಸಿದರು, ಒಬ್ಬರದೂ ಹೊಂದಲಿಲ್ಲ.

ಅವತ್ತು ಆಸ್ಪತ್ರೆಯಲ್ಲಿ ಗಾಜಿನ ಆ ಕಡೆಯಿಂದ ಸುಮೇಧಾ ಫೋನಿನಲ್ಲಿ ಕೇಳಿದಳು, ಎಷ್ಟು ಜನ ಕೊಟ್ಟರು ಎಂದು. ಹರಿದಾಸರು ತುಂಬ ಜನ ಎಂದರು. "ಎನಕ್ಕಾಗ ಇವ್ವಳವು ಪೇರಾ, ದೊಡ್ಡಪ್ಪಾ?" ಎಂದಳು. ನನಗಾಗಿ ಇಷ್ಟು ಜನವೇ ಎಂದು. ಕೂದಲಿಲ್ಲದ ಆ ಪುಟ್ಟ ಮುಖ ಹಿಗ್ಗಿತು. ಹರಿದಾಸರು ತಲೆಯಾಡಿಸಿದರು. ನನಗೆ ಅಲ್ಲಿ ನಿಲ್ಲಲಾಗದೆ ಹೊರಗೆ ಬಂದುಬಿಟ್ಟೆ.

ಮತ್ತೆ ಹೊರಡುತ್ತೇನೆ ಎಂದು ಅವರು ಹೊಸ ಕಿಟ್‌ಗಳನ್ನು ತಂದಿಟ್ಟುಕೊಂಡರು. ನಾನು ರಜೆ ಹಾಕಿ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದೆ. ಹೊರಡುವ ಮುನ್ನವೇ ಸುಮೇಧಾಳನ್ನು ಐಸಿಯುಗೆ ಹಾಕಿದರು. ಧನುರ್ಮಾಸದ ಒಂದು ಬೆಳಿಗ್ಗೆ, ಬೀದಿಯ ಹೆಂಗಸರು ದೊಡ್ಡ ದೊಡ್ಡ ರಂಗೋಲಿ ಹಾಕುತ್ತಿದ್ದಾಗ, ಜಯಲಕ್ಷ್ಮಮ್ಮ ಒಬ್ಬರೇ ಆಟೋದಿಂದ ಇಳಿದರು. ಅವರು ನಡೆಯುವುದನ್ನು ನೋಡಿಯೇ ಗೊತ್ತಾಯಿತು. ಕರ್ಮಗಳೆಲ್ಲ ಮುಗಿದವು. ಬಂದವರು ಹಣೆಬರಹ ಎಂದು ಸಮಾಧಾನ ಹೇಳಿ, ಊಟ ಮಾಡಿ ಹೋದರು.

ಆ ಮೇಲೆ ಹರಿದಾಸರು ಮಾತೇ ಬಿಟ್ಟರು. ಎಕ್ಸೆಲ್ ಗೇಟಿನ ಪಕ್ಕ ಧೂಳು ಹಿಡಿಯಿತು. ಒಮ್ಮೆ ಮಾತ್ರ, ನಾನು ಕೇಳದೆಯೇ, "ಇಷ್ಟೇ ಪ್ರತಾಪ್. ಅದರಲ್ಲಿ ಯಾರದೂ ಹೊಂದ್ತಿರಲಿಲ್ಲ ಅಂತ ಯಾರಾದರೂ ಸೊಲ್ಲಿಬಿಟ್ಟರೆ ಸಾಕು. ನಾನು ಮಲಗ್ತೇನೆ," ಎಂದರು. ಮನೆಗೆ ಬಂದು ನಾನು ಹೆಂಡತಿಯೆದುರು ಅತ್ತೆ. ದೇವರ ಮೇಲೆ ಬಂದ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೋ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಡ್ಯೂಟಿಗೆ ಹೊರಟವನು ಅವರ ಮನೆಗೆ ಹೋದೆ. ಸುಳ್ಳನ್ನು ಮೆಟ್ಟಿಲಿಳಿಯುತ್ತ ಬಾಯಿಪಾಠ ಮಾಡಿಕೊಂಡಿದ್ದೆ. ಅವರು ದೇವರ ಮುಂದೆ ಕುಳಿತು ಸಾಲಿಗ್ರಾಮಕ್ಕೆ ಅಭಿಷೇಕ ಮಾಡುತ್ತಿದ್ದರು. ಬಾಗಿಲಲ್ಲೇ ನಿಂತು ಹೇಳಿದೆ.

"ಸಾ, ಗಗನಾ ಫೋನ್ ಮಾಡಿದ್ಲು. ಆ ನೆಂದಿದ್ ಕವ್ರುಗಳ್ನ ಹೆಂಗೋ ಮಾಡಿ ಟೆಸ್ಟ್ ಮಾಡುದ್ರಂತೆ. ಒಂದೂ ಹೊಂದ್ತಿರ್ಲಿಲ್ವಂತೆ. ನೀವು ಸರ್ಯಾಗ್ ತಂದಿದ್ರೂವೆ ಅಷ್ಟೇಯ."

ಅವರು ತಿರುಗಿ ನೋಡಿದರು. ನಾನು ಕಣ್ಣು ತಪ್ಪಿಸಿದೆ. ಅಲ್ಲೇ ಸಿಕ್ಕಿಬಿದ್ದೆ.

"ನೀವು ಒಳ್ಳೆಯವರು," ಎಂದರು. ಉದ್ಧರಣೆಯಿಂದ ನೀರು ಎತ್ತಿ ಕಲ್ಲಿನ ಮೇಲೆ ಬಿಟ್ಟರು. ಮತ್ತೆ ಎತ್ತಿದರು, ಮತ್ತೆ ಬಿಟ್ಟರು. ಕಪ್ಪು ಕಲ್ಲು ತೊಯ್ದು ಹೊಳೆಯಿತು.

"ದಿನಾ ನೀರಲ್ಲಿ ಮುಳುಗಿಸೋ ಕಲ್ಲು ಪ್ರತಾಪ್, ಇದು," ಎಂದರು. "ಇದಕ್ಕೆ ಪ್ಲಾಸ್ಟಿಕ್ ಸುತ್ತಿದೆ."