ಮ್ಯೂಸಿಕಾಲಜಿ ಓದಿದ ಹುಡುಗಿ

ಹೆಣ್ಣು ನೋಡಲು ಬಂದವರು ಮೊಣಕಾಲಿನ ಎಕ್ಸ್‌ರೇ ತಂದಿದ್ದನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡೆ. ಹೋದ ತಿಂಗಳು, ಬಳ್ಳಾರಿಯ ನಮ್ಮ ಮನೆಯಲ್ಲೇ.

ಹುಡುಗಿ ನನ್ನ ಅಣ್ಣನ ಮಗಳು ಗಿರಿಜಾ. ಓದಿದ್ದು ಮ್ಯೂಸಿಕಾಲಜಿ. ಹುಡುಗ ಸಿರುಗುಪ್ಪದವನು, ಮನೆಯವರದು ರೈಸ್ ಮಿಲ್. ನಡುವೆ ನಿಂತು ಮಾತಾಡಿದವರು ಕುರುಗೋಡಿನ ನಮ್ಮ ಮಾವ. ಅವರು ಏನು ಹೇಳಿದ್ದರೋ! ಉಪ್ಪಿಟ್ಟಿನ ತಟ್ಟೆ ಖಾಲಿಯಾಗುವ ಮೊದಲೇ ಹುಡುಗನ ಅಜ್ಜಿ ಚೀಲದಿಂದ ಎಕ್ಸ್‌ರೇ ತೆಗೆದರು.

"ಮಣಕಾಲು ಭಾಳ ಹಿಡಿತೈತಿ, ನೋಡವ್ವಾ."

ಗಿರಿಜಾ ಕಕ್ಕಾಬಿಕ್ಕಿ. ನಾವೆಲ್ಲ ಮಾವನ ಮುಖ ನೋಡಿದೆವು.

"ಕಾರ್ಡಿಯಾಲಜಿ ಅಂದ್ರ ಹಾರ್ಟು, ನ್ಯೂರಾಲಜಿ ಅಂದ್ರ ನರ. ಇದೂ ಹಂಗ ಏನೋ ಒಂದಿರಬೇಕು ಅಂದ್ಕಂಡೆ," ಎಂದರು ಮಾವ.

ಹುಡುಗನ ಅಪ್ಪನ ಮುಖ ಸಣ್ಣದಾಯಿತು. ಮಿಲ್ಲಿನ ಮುಂದೆ ಕ್ಲಿನಿಕ್ಕಿಗೆಂದು ಜಾಗವನ್ನೂ ನೋಡಿಟ್ಟಿದ್ದರಂತೆ, ಪಾಪ.

"ನಾ ಡಾಕ್ಟರ್ ಅಲ್ರೀ ಅಜ್ಜಿ. ನಾ ಓದಿದ್ದು ಸಂಗೀತಶಾಸ್ತ್ರ," ಎಂದಳು ಗಿರಿಜಾ.

ಅಜ್ಜಿ ಎಕ್ಸ್‌ರೇ ಒಳಗಿಟ್ಟು ಅಂಗೈ ಚಾಚಿದರು. "ಶಾಸ್ತ್ರ ಹೇಳ್ತೀಯೇನು? ಹಂಗಾದ್ರ ಕೈ ನೋಡು."

ತಪ್ಪು ಯಾರದು? ಇಂಗ್ಲಿಷಿನಲ್ಲಿ ಹೇಳಿದರೆ ಡಾಕ್ಟರು, ಕನ್ನಡದಲ್ಲಿ ಹೇಳಿದರೆ ಕಣಿ ಹೇಳುವವಳು! (ಜರ್ಮನ್ನರು ಇದನ್ನೇ 'ಸಂಗೀತ ವಿಜ್ಞಾನ' ಎನ್ನುತ್ತಾರಂತೆ. ಹಾಗೆಂದಿದ್ದರೆ ಫಿಸಿಕ್ಸ್ ಟ್ಯೂಷನ್ ಹೇಳಿಕೊಡು ಎನ್ನುತ್ತಿದ್ದರೇನೋ.)

ಕೊನೆಗೆ ಹುಡುಗನೇ ಕೇಳಿದ, "ಅಂದ್ರ ನೀವು ಹಾಡ್ತೀರಾ?"

"ಇಲ್ರೀ. ಹಾಡೋರ ಮುಂದ ಕುಂತು ಕೇಳ್ತೀನಿ. ಈ ಧಾಟಿ ಎಲ್ಲಿಂದ ಬಂತು, ಊರಿಂದೂರಿಗೆ ಹೆಂಗ ಬದಲಾತು ಅಂತ ಹುಡುಕ್ತೀನಿ."

ಅಷ್ಟು ಹೇಳಿ ಗಿರಿಜಾ ಅಜ್ಜಿಯ ಕೈ ಹಿಡಿದುಕೊಂಡು, "ನಿಮಗ ನಾಟಿ ಹಾಡು ಬರ್ತಾವೇನ್ರೀ?" ಎಂದಳು.

ಅಜ್ಜಿಯ ತವರು ಹಚ್ಚೊಳ್ಳಿ. ಕಾಲುವೆ ನೀರಿನ ಗದ್ದೆಗಳಲ್ಲಿ ಭತ್ತ ನಾಟಿ ಮಾಡಿ ಬೆಳೆದವರು. ಮೊದಲು ನಾಚಿದರು. ಆಮೇಲೆ ಸೆರಗು ಸರಿಮಾಡಿಕೊಂಡು ಶುರು ಹಚ್ಚಿದರು ನೋಡಿ! ಒಂದು ಸಾಲು ಕನ್ನಡ, ಇನ್ನೊಂದು ತೆಲುಗು. ಗಿರಿಜಾ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಳು.

"ನಮ್ಮವ್ವಗ ಹಾಡು ಬರ್ತಾವಂತ ನನಗ ಗೊತ್ತಾ ಇರಲಿಲ್ಲ," ಎಂದರು ಹುಡುಗನ ಅಪ್ಪ, ಬೆರಗಾಗಿ. ನಾವೂ ಅಷ್ಟೇ ಅಲ್ಲವೇ? ವಯಸ್ಸಾದ ಅಮ್ಮನನ್ನು ಮಾತ್ರೆ ತಗೊಂಡ್ಯಾ ಎಂದು ಕೇಳುತ್ತೇವೆ. ಒಂದು ಹಾಡು ಹೇಳು ಎನ್ನುತ್ತೇವೆಯೇ?

ಮರುದಿನ ಹುಡುಗನ ಅಪ್ಪನದೇ ಫೋನು. "ಹುಡುಗಿ ಛಲೋ ಅದಾಳ್ರೀ. ಆದ್ರ ನಮಗ ಡಾಕ್ಟರೇ ಬೇಕಾಗಿತ್ತು." ಅತ್ತಿಗೆ ಆ ದಿನ ಸರಿಯಾಗಿ ಊಟ ಮಾಡಲಿಲ್ಲ. ಸಂಜೆ ಅಜ್ಜಿ ಗಿರಿಜಾಳಿಗೇ ಫೋನ್ ಮಾಡಿದರು. "ಇನ್ನೂ ಭಾಳ ಹಾಡದಾವು, ಬಾರವ್ವಾ."

ಹೋಗಬೇಕೋ ಬೇಡವೋ ಎಂದು ನಾವು ಚರ್ಚಿಸುತ್ತಿರುವಾಗಲೇ ಗಿರಿಜಾ ಹೊರಟಿದ್ದಳು. ಈಗ ಭಾನುವಾರ ಬಂತೆಂದರೆ ಸಿರುಗುಪ್ಪದ ಬಸ್ಸು ಹತ್ತುತ್ತಾಳೆ. ಬಸ್‌ಸ್ಟ್ಯಾಂಡಿಗೆ ಕರೆಯಲು ಬರುವವನು ಅದೇ ಹುಡುಗ. ಅಜ್ಜಿ ಹಾಡುವಾಗ ಪಕ್ಕದಲ್ಲಿ ಕೂತು ಮೈಕ್ ಹಿಡಿಯುವವನೂ ಅವನೇ.

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಅಜ್ಜಿಯ ಒಂದು ಹಾಡು ಕೇಳದವನ ಕಿವಿ ಈಗ ಇದ್ದಕ್ಕಿದ್ದಂತೆ ಇಷ್ಟು ಚುರುಕಾದದ್ದು ಹೇಗೆ?