ಮಾಡಿದ್ದು ಬರೀರಿ, ಮಾಡಲಾರದ್ದು ಅಳಸ್ರಿ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ. ಮಂಗಸೂಳಿಯಿಂದ ಒಳದಾರಿಯಲ್ಲಿರುವ ದ್ರಾಕ್ಷಿ ತೋಟದಲ್ಲಿ ಹದಿನಾಲ್ಕು ಮಂದಿ ಸಾಲು ಹಿಡಿದು ನಿಂತಿದ್ದಾರೆ. ಎಲೆಗಳನ್ನು ನಿನ್ನೆಯೇ ಉದುರಿಸಿಯಾಗಿದೆ. ತಂತಿಯ ಮೇಲೆ ಉಳಿದಿರುವುದು ಬರೀ ಕಂದು ಕಡ್ಡಿಗಳು. ಟೋಳಿಯ ಮುಂದಾಳು ಮಲಕಾರಿ ಪೂಜೇರಿ ಒಂದು ಕಡ್ಡಿಯನ್ನು ಎಡಗೈಯಲ್ಲಿ ಹಿಡಿದು ಬುಡದಿಂದ ಒಂದೊಂದೇ ಮೊಗ್ಗು ಮುಟ್ಟುತ್ತಾ ಹೋಗುತ್ತಾರೆ. ಇಲ್ಲಿ ಅದಕ್ಕೆ ಕಣ್ಣು ಅನ್ನುತ್ತಾರೆ. ಏಳನೇ ಕಣ್ಣಿನ ಮೇಲೆ ಕತ್ತರಿ ಬೀಳುತ್ತದೆ.

"ಈ ತೋಟಕ್ಕ ಏಳ. ಬಾಜೂ ತೋಟಕ್ಕ ಒಂಬತ್ತ ಇರಬಹುದು. ಕಡ್ಡಿ ನೋಡೇ ಹೇಳಬೇಕ್ರಿ. ಒಂದ ಕಣ್ಣ ತಪ್ಪಿದ್ರ ವರ್ಷದ ಗೊನಿ ಹೋತು" ಎನ್ನುತ್ತಾರೆ, ಕೈ ನಿಲ್ಲಿಸದೆ.

ಅಕ್ಟೋಬರಿನ ಛಾಟಣಿಯ, ಅಂದರೆ ಕಡ್ಡಿ ಕತ್ತರಿಸುವ, ಈ ಆರು ವಾರ ಕಾಗವಾಡ, ಅಥಣಿ ತಾಲ್ಲೂಕುಗಳಲ್ಲಿ ಇವರಿಗೆ ಬಿಡುವಿಲ್ಲ. ಒಬ್ಬ ಕೆಲಸಗಾರ ದಿನಕ್ಕೆ ಅರವತ್ತು, ಎಪ್ಪತ್ತು ಬಳ್ಳಿ ಕತ್ತರಿಸಿದರೆ ಜೋರು ಕೈ ಅನ್ನಿಸಿಕೊಳ್ಳುತ್ತಾನೆ. ನಲವತ್ತೊಂದು ವರ್ಷದ ಮಲಕಾರಿ ತೊಂಬತ್ತು ಮುಗಿಸುತ್ತಾರೆ. ಅವರ ಟೋಳಿ ಕತ್ತರಿ ಹಾಕಿದ ತೋಟಕ್ಕೆ ಯಜಮಾನ ಮತ್ತೆ ಬಂದು ನೋಡುವ ಪದ್ಧತಿ ಇಲ್ಲ. ಉಗಾರ ಬುದ್ರುಕದ ಹೊರವಲಯದಲ್ಲಿ ಅವರ ಮನೆ. ಅಲ್ಲಿಂದ ಈ ಕಡೆಯ ಯಾವ ತೋಟಕ್ಕೇ ಆಗಲಿ, ಹೊತ್ತು ಮೂಡುವ ಮೊದಲೇ ತಲುಪಿರುತ್ತಾರೆ.

ನಾನು ಅವರನ್ನು ಹುಡುಕಿಕೊಂಡು ಬಂದದ್ದು ದ್ರಾಕ್ಷಿಯ ಸಲುವಾಗಿ ಅಲ್ಲ. ಮಲಕಾರಿ ಹನ್ನೊಂದು ವರ್ಷ ನಾಲ್ಕು ತಿಂಗಳು ಸೈನ್ಯದಲ್ಲಿದ್ದವರು. 2014ರ ಬೇಸಿಗೆಯಲ್ಲಿ, ಚರಸ್ ಇಟ್ಟುಕೊಂಡು ಜೊತೆಗಾರರಿಗೆ ಹಂಚಿದ ಎಂಬ ಕಾರಣ ಬರೆದು ಅವರನ್ನು ಮನೆಗೆ ಕಳಿಸಲಾಯಿತು. ಆ ಒಂದು ಸಾಲಿನ ವಿರುದ್ಧ ಶುರುವಾದ ಅವರ ಹೋರಾಟ ಇವತ್ತಿಗೂ ಮುಗಿದಿಲ್ಲ. ಪಲ್ಟನ್ನಿನ ಹೆಸರು ಕೇಳಿದರೆ ಹೇಳುವುದಿಲ್ಲ. "ಹೆಸರ ಬರಿಬ್ಯಾಡ್ರಿ. ಪಲ್ಟನ್ ನನಗ ಅನ್ನಾ ಹಾಕೇತಿ. ತಪ್ಪ ಒಂದ ಕಾಗದದ್ದು" ಎಂದು ಮಾತು ಮುಗಿಸುತ್ತಾರೆ.

ಕುರಿ ಕಾಯುವ ಮನೆತನದಿಂದ ಸೈನ್ಯ ಸೇರಿದ ಮೊದಲಿಗ ಅವರು. ತಂದೆ ಮಾಯಪ್ಪ ಕುರಿ ಹಿಂಡಿನ ಜೊತೆ ವರ್ಷದ ಎಂಟು ತಿಂಗಳು ಊರಾಚೆಯೇ ಇರುತ್ತಿದ್ದರು. ಹತ್ತೊಂಬತ್ತನೇ ವಯಸ್ಸಿನಲ್ಲಿ ಭರ್ತಿಯಾದ ದಿನ ಮಲಕಾರಿಯ ಪಕ್ಕದಲ್ಲಿ ಓಡಿದವನು ನಿಪ್ಪಾಣಿಯ ಉತ್ತಮ. ಇವರಿಗೆ ಮರಾಠಿ ಅಷ್ಟಕ್ಕಷ್ಟೆ, ಅವನಿಗೆ ಕನ್ನಡ ಅಷ್ಟಕ್ಕಷ್ಟೆ. ಆದರೂ ಹತ್ತು ವರ್ಷ ಇಬ್ಬರ ಹಾಸಿಗೆ ಅಕ್ಕಪಕ್ಕ. 2013ರ ಚಳಿಗಾಲದಲ್ಲಿ ಉತ್ತರದ ಗಡಿಯ ಎತ್ತರದಲ್ಲಿ ಹಿಮ ಜಾರಿ ಉತ್ತಮನ ತುಕಡಿಯ ಮೇಲೆ ಬಿತ್ತು. ಅಗೆಯಲು ಹೋದವರಲ್ಲಿ ಮಲಕಾರಿ ಒಬ್ಬರು.

"ಎರಡ ದಿನಾ ಅಗದೀವ್ರಿ. ಮೂರನೇ ದಿನ ನನ್ನ ಸಲಿಕಿಗೇ ಸಿಕ್ಕ" ಎನ್ನುತ್ತಾರೆ. ಕತ್ತರಿ ಮೊದಲ ಬಾರಿ ನಿಲ್ಲುತ್ತದೆ.

ಆಮೇಲೆ ಅವರಿಗೆ ನಿದ್ದೆ ಹತ್ತಲಿಲ್ಲ. ಕಣ್ಣು ಮುಚ್ಚಿದರೆ ಕೈಯಲ್ಲಿ ಸಲಿಕೆ. ಯಾರಿಗಾದರೂ ಹೇಳಿಕೊಳ್ಳಬೇಕು ಎಂದು ಆಗ ಹೊಳೆಯಲಿಲ್ಲ, ಹೇಳಿಕೊಳ್ಳುವುದು ಹೇಡಿತನ ಅನ್ನಿಸಿತ್ತಂತೆ. ಕೆಳಗಿನ ಠಾಣೆಗೆ ಇಳಿದ ಮೇಲೆ ಯಾರೋ ಒಬ್ಬರು ಚರಸ್ ತುಂಬಿದ ಸಿಗರೇಟು ಕೊಟ್ಟರು. ಆ ತಿಂಗಳಲ್ಲಿ ಮೂರು ಸಲ ಸೇದಿದರು. ಮೂರನೇ ಸಲ ವಾಂತಿಯಾಯಿತು, ಅಲ್ಲಿಗೆ ಬಿಟ್ಟರು. ಇದನ್ನು ಅವರು ನನಗೆ ಮುಚ್ಚುಮರೆಯಿಲ್ಲದೆ, ತಮ್ಮ ಟೋಳಿಯ ಹೆಣ್ಣುಮಕ್ಕಳ ಎದುರಿಗೇ ಹೇಳಿದರು. ಅವರಿಗೆಲ್ಲ ಈ ಕಥೆ ಗೊತ್ತಿದೆ.

ಮರುವರ್ಷ ಮಾರ್ಚಿನಲ್ಲಿ ಮಲಕಾರಿಗೆ ಕಾಮಾಲೆ ಆಯಿತು. ಆಸ್ಪತ್ರೆಗೆ ಹೋಗುವಾಗ ಟ್ರಂಕಿಗೆ ಬೀಗ ಹಾಕಿ, ನಿಯಮದ ಪ್ರಕಾರ ಕೀಲಿಯನ್ನು ಸ್ಟೋರಿಗೆ ಒಪ್ಪಿಸಿ, ಪುಸ್ತಕದಲ್ಲಿ ಸಹಿ ಮಾಡಿದರು. ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ಹನ್ನೆರಡನೇ ದಿನ ಬ್ಯಾರಕ್ಕಿನ ತಪಾಸಣೆ ನಡೆದು, ಅವರ ಟ್ರಂಕಿನ ತಳದಲ್ಲಿ ಚರಸ್ಸಿನ ಪೊಟ್ಟಣ ಸಿಕ್ಕಿತು.

ವಾಪಸ್ ಬಂದವರನ್ನು ಸಾಹೇಬರ ಮುಂದೆ ನಿಲ್ಲಿಸಿದರು. ಪೊಟ್ಟಣ ನಿನ್ನದೋ ಎಂದು ಮೊದಲು ಕೇಳಲಿಲ್ಲ. ನೀನು ಯಾವತ್ತಾದರೂ ಇದನ್ನು ಸೇದಿದ್ದೀಯಾ ಎಂದು ಕೇಳಿದರು. ಮಲಕಾರಿ ಹೌದು, ಮೂರು ಸಲ ಅಂದರು. ಪೊಟ್ಟಣ ತನ್ನದಲ್ಲ ಎಂದೂ ಹೇಳಿದರು. ಕಾಗದದ ಮೇಲೆ ಬಂದದ್ದು ಮೊದಲ ಮಾತು ಮಾತ್ರ. ಇಂಗ್ಲಿಷಿನಲ್ಲಿ ಬರೆದ ಹೇಳಿಕೆಗೆ, ಏನಿದೆ ಎಂದು ಪೂರ್ತಿ ತಿಳಿಯದೆ, ಸಹಿ ಮಾಡಿದರು. 'ತಪ್ಪೊಪ್ಪಿಕೊಂಡಿದ್ದಾನೆ' ಎಂದು ಅದರಲ್ಲಿತ್ತು. ಸೇನಾ ಕೋರ್ಟು ಕೂಡಲಿಲ್ಲ. 'ಸೇವೆ ಇನ್ನು ಬೇಕಾಗಿಲ್ಲ' ಎಂಬ ಷರಾದೊಂದಿಗೆ ಡಿಸ್ಚಾರ್ಜ್ ಬುಕ್ ಕೈಗೆ ಬಂತು. ಪಿಂಚಣಿಗೆ ಹದಿನೈದು ವರ್ಷದ ಸೇವೆ ಬೇಕು, ಅದೂ ಹೋಯಿತು.

ಊರಿಗೆ ಬಂದ ಮೇಲೆ ಏನಾಯಿತೆಂದು ಹೇಳಿದವರು ಹೆಂಡತಿ ದುಂಡವ್ವ. ಮಾಜಿ ಸೈನಿಕರ ಸಂಘದವರು ಇವರನ್ನು ಕರೆಯಲಿಲ್ಲ. ಕಾವಲುಗಾರನ ಕೆಲಸ ಕೇಳಿದ ಎರಡು ಕಡೆ, ಬುಕ್ ನೋಡಿ ವಾಪಸ್ ಕೊಟ್ಟರು. ಬೆನ್ನ ಹಿಂದೆ 'ಗಾಂಜಾ ಮಿಲ್ಟ್ರಿ' ಎಂಬ ಹೆಸರು ಬಿತ್ತು. ತಂದೆ ಮಾಯಪ್ಪ ಬೈಯಲಿಲ್ಲ, ಕೇಳಲೂ ಇಲ್ಲ. ಕುರಿ ಬಳಿಗೆ ಬಾ, ಅಲ್ಲಿ ಯಾರೂ ಕಾಗದ ಕೇಳೂದಿಲ್ಲ ಅಂದರಂತೆ. ಮಲಕಾರಿ ಹೋದರು. ಒಂದೂವರೆ ವರ್ಷ ರಾಯಬಾಗ, ಮುಗಳಖೋಡದ ಬಯಲುಗಳಲ್ಲಿ ಕುರಿಗಳ ಹಿಂದೆ ನಡೆದರು. ಮನೆಗೆ ಬರುವುದೇ ಕಡಿಮೆಯಾಯಿತು.

ಅವರನ್ನು ಅಲ್ಲಿಂದ ಹೊರಗೆ ತಂದವರು ಉತ್ತಮನ ತಾಯಿ ಶೇವಂತಾ. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಹೆಂಗಸು. ಮಗ ಹೇಗೆ ಸತ್ತ ಎಂದು ಕಣ್ಣಾರೆ ಕಂಡವರ ಬಾಯಿಂದ ಕೇಳಬೇಕು ಎಂದು ಎರಡು ಸಲ ಹೇಳಿಕಳಿಸಿದ್ದರು. ಮಲಕಾರಿ ಮುಖ ತೋರಿಸಲಾರದೆ ಉಳಿದಿದ್ದರು. 2016ರಲ್ಲಿ ಧೈರ್ಯ ಮಾಡಿ ಹೋದರು. ಶೇವಂತಾಬಾಯಿ ಮೊರ ಪಕ್ಕಕ್ಕಿಟ್ಟು ಎಲ್ಲವನ್ನೂ ಕೇಳಿದರು. ಹಿಮ, ಸಲಿಕೆ, ಮೂರು ಸಿಗರೇಟು, ಟ್ರಂಕು. ಕೊನೆಗೆ, ಪೊಟ್ಟಣ ನಿನ್ನದೋ ಎಂದು ವಿಚಾರಿಸಿದರು. ಅಲ್ಲ ಎಂದಾಗ ಕೇಳಿದ್ದು ಒಂದೇ ಮಾತು.

"ಮಗ ಲಪತೋಸ ಕಶಾಲಾ?" ಹಾಗಿದ್ದರೆ ಅಡಗುವುದು ಯಾಕೆ ಎಂದು, ಮರಾಠಿಯಲ್ಲಿ.

"ಎರಡು ವರ್ಷ ಆಗಿತ್ರಿ, ಪೊಟ್ಟಣ ನಂದು ಹೌದೋ ಅಲ್ಲೋ ಅಂತ ಮೊದಲ ಕೇಳಿದಾಕಿ ಆಕಿ" ಎನ್ನುತ್ತಾರೆ ಮಲಕಾರಿ.

ಊರಿಗೆ ಬಂದು ಕುರಿ ತಮ್ಮನಿಗೆ ಒಪ್ಪಿಸಿದರು. ಕತ್ತರಿ ಹಿಡಿದರು. ಮೊದಲ ಕೆಲಸ ಕೇಳಿದ್ದು ಇದೇ ತೋಟದ ಯಜಮಾನ ಸಿದ್ದಲಿಂಗ ಅವರ ಹತ್ತಿರ. ಮಾತು ಶುರುವಾಗುವ ಮೊದಲೇ ಡಿಸ್ಚಾರ್ಜ್ ಬುಕ್ ತೆಗೆದು ಮುಂದಿಟ್ಟು, ಮೊದಲು ಇದನ್ನ ಓದ್ರಿ, ಆಮ್ಯಾಲ ಕೆಲಸ ಕೊಡೂದ ಬಿಡೂದ ನೋಡ್ರಿ ಅಂದರು. ಸಿದ್ದಲಿಂಗ ಅದನ್ನು ನೆನೆದು ಈಗಲೂ ನಗುತ್ತಾರೆ. ಕೆಲಸ ಕೇಳಲು ಬಂದವರು ತಮ್ಮ ಗುಣ ಹೇಳುತ್ತಾರೆ, ಈ ಮನುಷ್ಯ ದೋಷದ ಪುಸ್ತಕ ಹಿಡಿದುಕೊಂಡು ಬಂದಿದ್ದ ಎನ್ನುತ್ತಾರೆ. ಆವತ್ತಿನಿಂದ ಹೊಸ ತೋಟಕ್ಕೆ ಹೋದಾಗಲೆಲ್ಲ ಮಲಕಾರಿ ಹೀಗೇ ಮಾಡಿದ್ದಾರೆ. ಸುಟ್ಟುಹಾಕು, ತಾನಾಗಿಯೇ ಬಿಟ್ಟು ಬಂದೆ ಅನ್ನು ಎಂದು ಬುದ್ಧಿ ಹೇಳಿದವರು ಬಹಳ. ಕೇಳಲಿಲ್ಲ.

ಷರಾ ತೆಗೆಯಿರಿ ಎಂದು ಸೈನ್ಯಕ್ಕೆ ಬರೆದ ಮೊದಲ ಅರ್ಜಿಗೆ ಎರಡು ಸಾಲಿನ ಉತ್ತರ ಬಂತು, ಪರಿಗಣಿಸಲು ಬರುವುದಿಲ್ಲ ಎಂದು. 2017ರಲ್ಲಿ ವಕೀಲರೊಬ್ಬರು ಸುಲಭದ ದಾರಿ ತೋರಿಸಿದರು. ಪೊಟ್ಟಣ ನನ್ನದೇ, ಗೆಳೆಯ ಸತ್ತ ದುಃಖದಲ್ಲಿ ದಾರಿ ತಪ್ಪಿದೆ, ದಯೆ ತೋರಿಸಿ ಎಂದು ಬರೆದುಕೊಡು. ಹತ್ತು ವರ್ಷದ ಒಳ್ಳೆಯ ಸೇವೆ ಇದೆ, ಮನಸ್ಸು ಕರಗುತ್ತದೆ, ಏನಾದರೂ ಸಿಗುತ್ತದೆ. ಬರೆದ ಕಾಗದವೂ ತಯಾರಿತ್ತು. ಮಲಕಾರಿ ಸಹಿ ಮಾಡಲಿಲ್ಲ. ವಕೀಲರು ಫೈಲು ವಾಪಸ್ ಕೊಟ್ಟರು.

ಆ ದಿನ ಮನೆಯಲ್ಲಿ ದೊಡ್ಡ ಜಗಳ ನಡೆಯಿತು ಎಂದು ದುಂಡವ್ವ ಒಪ್ಪಿಕೊಳ್ಳುತ್ತಾರೆ. ಒಂದು ಸಹಿಯಿಂದ ಎಲ್ಲ ಮುಗಿಯುವುದಿದ್ದರೆ ಮುಗಿಯಲಿ ಎಂದು ಅವರ ವಾದ. ಮಲಕಾರಿ ಹೊರಗೆ ಹೋಗಿ ಕೂತರಂತೆ.

"ಎರಡ ದಿನಾ ಮಾತ ಬಿಟ್ಟಿದ್ನಿ. ಆಮ್ಯಾಲ ವಿಚಾರ ಮಾಡಿದ್ನಿ, ಒಂದ ಸಲ ಓದಲಾರದ ಸಹಿ ಮಾಡಿ ಇಷ್ಟೆಲ್ಲಾ ಆತು. ಈಗ ಓದಿ, ಸುಳ್ಳಂತ ಗೊತ್ತಿದ್ದೂ ಸಹಿ ಮಾಡಂತ ನಾನ ಹೇಳಾಕತ್ತೀನಲ್ಲಾ ಅಂತ" ಎನ್ನುತ್ತಾರೆ ದುಂಡವ್ವ.

ಅಲ್ಲಿಂದ ಮುಂದೆ ಲೇಖನಿ ಹಿಡಿದವರು ಅವರೇ. ಹತ್ತನೇ ಇಯತ್ತೆ ಓದಿದ ದುಂಡವ್ವ ಮಾಹಿತಿ ಹಕ್ಕಿನ ಅರ್ಜಿ ಬರೆಯುವುದನ್ನು ಕಲಿತರು. ಇಪ್ಪತ್ಮೂರು ಅರ್ಜಿ ಹಾಕಿದ್ದಾರೆ. ಹೆಚ್ಚಿನವಕ್ಕೆ ಉತ್ತರವೇ ಬರಲಿಲ್ಲ. ಹನ್ನೊಂದನೆಯದಕ್ಕೆ ಆಸ್ಪತ್ರೆಯ ದಾಖಲೆ ಬಂತು, ಸೇರಿದ ದಿನ, ಬಿಟ್ಟ ದಿನ ಸಹಿತ. ಅದನ್ನು ಹಿಡಿದುಕೊಂಡು 2019ರಲ್ಲಿ ಚಿಕ್ಕೋಡಿಯ ಕೋರ್ಟಿನ ಆವರಣದಲ್ಲಿ ಸ್ನೇಹಲ ಎಂಬ ವಕೀಲೆಯನ್ನು ಕಂಡರು. ಸೇನೆಯ ಪ್ರಕರಣ ನಡೆಸಿ ಗೊತ್ತಿಲ್ಲ, ಓದಿಕೊಂಡು ನಡೆಸುತ್ತೇನೆ ಎಂದ ಆಕೆಯ ಮಾತು ಗಂಡಹೆಂಡಿರಿಬ್ಬರಿಗೂ ಹಿಡಿಸಿತು. ಮರುವರ್ಷ ಬೆಂಗಳೂರಿನಲ್ಲಿ, ಸೈನಿಕರ ದೂರು ಕೇಳುವ ನ್ಯಾಯಮಂಡಳಿಗೆ ಮೇಲ್ಮನವಿ ಹೋಯಿತು.

ಕುಡಚಿಯಲ್ಲಿ ರೈಲು ಹತ್ತಿ ಹದಿನೇಳು ಸಲ ಬೆಂಗಳೂರಿಗೆ ಹೋಗಿ ಬಂದಿದ್ದಾರೆ. ಒಂಬತ್ತು ಸಲ ಮುಂದಿನ ತಾರೀಕು ತಗೊಂಡು ಬಂದದ್ದಷ್ಟೇ. ಸ್ನೇಹಲ ಮೊದಲಿನಿಂದಲೂ ಪಟ್ಟು ಹಿಡಿದದ್ದು ಒಂದೇ ದಾಖಲೆಗೆ: ಸ್ಟೋರಿನ ಕೀಲಿ ಪುಸ್ತಕ. ಮೂರು ವರ್ಷದ ಮೇಲೆ ಮಂಡಳಿಯ ಆದೇಶದಂತೆ ಅದು ಬಂತು. ಮಲಕಾರಿ ಆಸ್ಪತ್ರೆಯಲ್ಲಿದ್ದ ಎಂಟನೇ ದಿನ ಅವರ ಟ್ರಂಕಿನ ಕೀಲಿಯನ್ನು ಬೇರೆ ಒಬ್ಬರು ಸಹಿ ಮಾಡಿ ಒಯ್ದು, ಸಂಜೆ ವಾಪಸ್ ಇಟ್ಟದ್ದು ಅದರಲ್ಲಿತ್ತು.

ಆ ಸಹಿ ಯಾರದು ಎಂದು ಮಲಕಾರಿಗೆ ಗೊತ್ತು. ನನಗೆ ಹೇಳಲಿಲ್ಲ. ಅವನೇ ಇಟ್ಟ ಅನ್ನಲು ತನ್ನ ಹತ್ತಿರ ಪುರಾವೆ ಇಲ್ಲ, ಪುರಾವೆ ಇಲ್ಲದೆ ಹೆಸರು ಬರೆದರೆ ಏನಾಗುತ್ತದೆಂದು ತನಗಿಂತ ಚೆನ್ನಾಗಿ ಬಲ್ಲವರಿಲ್ಲ ಎಂದರು.

ಕೊನೆಯ ವಿಚಾರಣೆಯ ದಿನ ಎದುರು ಪಕ್ಷದ ವಕೀಲರು, ಸೇದಿದ್ದು ನಿಜವೋ ಎಂದು ಕೇಳಿದರು. ಮೂರು ಸಲ, ನಿಜ ಎಂದರು ಮಲಕಾರಿ. ಸ್ನೇಹಲ ತಲೆ ತಗ್ಗಿಸಿದ್ದನ್ನು ದುಂಡವ್ವ ನೋಡಿದರು. ಅಷ್ಟು ಪ್ರಾಮಾಣಿಕನಾಗಿದ್ದರೆ ಇಷ್ಟು ವರ್ಷ ಅಲೆಯುವ ಬದಲು ದಯೆ ಕೇಳಬಹುದಿತ್ತಲ್ಲ ಎಂದು ಪೀಠದಿಂದ ಪ್ರಶ್ನೆ ಬಂತು. ಮಲಕಾರಿ ಹಿಂದಿಯಲ್ಲಿ ಕೊಟ್ಟ ಉತ್ತರವನ್ನು ನನಗೆ ತಮ್ಮ ಮಾತಿನಲ್ಲೇ ಹೇಳಿದರು.

"ದಯಾ ಬ್ಯಾಡ್ರಿ ಸಾಹೇಬ್. ಮಾಡಿದ್ದು ಬರೀರಿ. ಮಾಡಲಾರದ್ದು ಅಳಸ್ರಿ."

ಕಳೆದ ವರ್ಷ ಫೆಬ್ರವರಿಯಲ್ಲಿ ತೀರ್ಪು ಬಂತು. ಇಟ್ಟುಕೊಂಡಿದ್ದ, ಹಂಚಿದ ಎಂಬ ಎರಡೂ ಆರೋಪ ರದ್ದು. ಮಾನಗೇಡಿನ ಷರಾ ತೆಗೆದು ಹೊಸ ಡಿಸ್ಚಾರ್ಜ್ ಬುಕ್ ಕೊಡಬೇಕು. ಆದರೆ ಸೇದಿದ್ದನ್ನು ಸ್ವತಃ ಒಪ್ಪಿರುವುದರಿಂದ ಸೇವೆಯಿಂದ ತೆಗೆದದ್ದು ಹಾಗೇ ಉಳಿಯುತ್ತದೆ, ಮುಂದಿನ ವರ್ಷಗಳನ್ನು ಸೇವೆಗೆ ಲೆಕ್ಕ ಹಿಡಿಯುವುದಿಲ್ಲ, ಪಿಂಚಣಿ ಇಲ್ಲ. ಸುಳ್ಳು ಹೇಳಿದ್ದರೆ ಅದೂ ಸಿಗುತ್ತಿತ್ತೇನೋ ಎಂದು ಊರಿನ ಕೆಲವರು ಈಗಲೂ ಲೆಕ್ಕ ಹಾಕುತ್ತಾರೆ.

ಹೊಸ ಬುಕ್ ಬಂದ ತಿಂಗಳೊಳಗೆ ಮಾಜಿ ಸೈನಿಕರ ಸಂಘದಿಂದ ಇಬ್ಬರು ಮನೆಗೆ ಬಂದರು. ಶಾಲು ಹೊದಿಸುತ್ತೇವೆ, ಕಾರ್ಯಕ್ರಮಕ್ಕೆ ಬರಬೇಕು ಅಂದರು. ಮಲಕಾರಿ ಚಹಾ ಕೊಟ್ಟು ಕಳಿಸಿದರು, ಶಾಲು ಬೇಡ ಅಂದರು. ಅದರ ಬದಲು ಒಂದು ಕೆಲಸ ಹೇಳಿದರು. ಸುತ್ತಲಿನ ತಾಲ್ಲೂಕುಗಳಲ್ಲಿ ತನ್ನಂತೆ ಕೆಟ್ಟ ಷರಾ ಬರೆಸಿಕೊಂಡು ಮನೆಗೆ ಬಂದು, ಯಾರಿಗೂ ಹೇಳದೆ ಕೂತವರು ಇನ್ನೂ ಇರಬಹುದು, ಅವರನ್ನು ಮೊದಲು ಸಂಘದೊಳಗೆ ಕರೆಯಿರಿ ಎಂದು. ಸಂಘದವರು ಎದ್ದು ಹೋದರು. ಆದರೆ ಆಮೇಲೆ ಅಂಥ ಇಬ್ಬರು ತಾವಾಗಿಯೇ ದುಂಡವ್ವನನ್ನು ಹುಡುಕಿಕೊಂಡು ಬಂದಿದ್ದಾರೆ. ಒಬ್ಬ, ತನ್ನ ಹತ್ತಿರ ಸಿಕ್ಕ ಪೊಟ್ಟಣ ತನ್ನದೇ ಎಂದು ಒಪ್ಪಿದ. ಹಾಗಾದರೆ ಚಟ ಬಿಡಿಸುವ ಆಸ್ಪತ್ರೆಗೆ ಮೊದಲು ಹೋಗು, ಅರ್ಜಿ ಆಮೇಲೆ ಎಂದು ದುಂಡವ್ವ ಕಳಿಸಿದರು. ಇನ್ನೊಬ್ಬನ ಅರ್ಜಿ ಬರೆಯುತ್ತಿದ್ದಾರೆ.

ಮಲಕಾರಿಯ ಪಿಂಚಣಿಯ ಸಲುವಾಗಿ ಸ್ನೇಹಲ ಮೇಲಿನ ಕೋರ್ಟಿಗೆ ಹೋಗಿದ್ದಾರೆ. ಮೂರು ಸಿಗರೇಟಿಗೆ ಹನ್ನೊಂದು ವರ್ಷದ ಸೇವೆಯನ್ನೇ ಇಲ್ಲವಾಗಿಸುವುದು ಅತಿಯಾದ ಶಿಕ್ಷೆ ಎಂಬುದು ವಾದ. ನವೆಂಬರಿನಲ್ಲಿ ವಿಚಾರಣೆ ಇದೆ. ಆ ದಿನ ಟೋಳಿ ತಾನಿಲ್ಲದೆ ಕೆಲಸ ಮಾಡಬೇಕೆಂದು ಸಿದ್ದಲಿಂಗರಿಗೆ ಹೇಳಿಯಾಗಿದೆ.

ಬಿಸಿಲು ಏರಿದೆ. ಬದುವಿನ ಮೇಲೆ ಎಲ್ಲರೂ ರೊಟ್ಟಿಯ ಗಂಟು ಬಿಚ್ಚುತ್ತಾರೆ. ಈ ಸಲ ಗೆಲ್ಲುತ್ತೀರಾ ಎಂದು ಕೇಳುತ್ತೇನೆ. ಮಲಕಾರಿ ಶೇಂಗಾ ಚಟ್ನಿಯ ಡಬ್ಬಿ ನನ್ನ ಕಡೆ ಸರಿಸುತ್ತಾರೆ.

"ಗೆದ್ದರ ಗೆದ್ದೆ, ಸೋತರ ಸೋತೆ. ಸುಳ್ಳ ಹೇಳಿ ಗೆಲ್ಲೂದ ಇದ್ದರ ಎಂಟ ವರ್ಷದ ಹಿಂದ ಗೆದ್ದಿರ್ತಿದ್ನಿ, ಸರ್. ಊಟಾ ಮಾಡ್ರಿ."