ಖಾಲಿ ಹೋದ ದೇವರ ಗಡಿಗೆ

ಇವತ್ತು ಭಾಲ್ಕಿಯ ಗಿರಣಿಯಲ್ಲಿ ಬಿಸಿ ಜೋಳದ ಹಿಟ್ಟಿನ ವಾಸನೆ ಬಡಿದು ಅವ್ವನ ಗಡಿಗೆ ನೆನಪಾಯಿತು.

ಬೀಸಲು ಕೂಡುವ ಮೊದಲು ಅವ್ವ ದಿನಾ ಒಂದು ಹಿಡಿ ಜೋಳ ಆ ಗಡಿಗೆಗೆ ಹಾಕುತ್ತಿದ್ದಳು. ಅದು ದೇವರ ಪಾಲು. ತಿಂಗಳ ಕೊನೆಯ ಐತವಾರ ಮನೆಯ ಯಜಮಾನನೇ ಅದನ್ನು ಚರ್ಚಿಗೆ ಒಯ್ದು ಸುರಿಯಬೇಕು.

ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಅಲ್ಲಿವರೆಗೆ ಉರ್ದುವಿನಲ್ಲಿದ್ದ ಅಪ್ಪನ ಕಚೇರಿಯ ಕಾಗದಗಳು ಕನ್ನಡಕ್ಕೆ ತಿರುಗಿದವು. ಉರ್ದು ಒಂದೇ ಬರೆಯಬಲ್ಲ ಅಪ್ಪನ ಕೆಲಸ ಹೋಯಿತು. ಅಪ್ಪ ಶೇಂದಿ ಕುಡಿಯಲು ಕಲಿತ. ಒಂದು ತಿಂಗಳು ದೇವರ ಜೋಳವನ್ನೂ ಮಾರಿ ಕುಡಿದು ಬಂದ.

ಐತವಾರ ಅವ್ವ ಖಾಲಿ ಗಡಿಗೆಯನ್ನೇ ಅವನ ಕೈಗಿಟ್ಟಳು.

"ನೀವೇ ಒಯ್ರಿ. ನನಗ ಸಾಕಾಗ್ಯಾದ. ದೇವರಿಗೇ ತೋರಸ್ರಿ."

ಅಪ್ಪ ತಲೆ ತಗ್ಗಿಸಿ ನಡೆದ. ಪಾದ್ರಿಗಳು ಗಡಿಗೆಯೊಳಗೆ ನೋಡಿದರು. ಎಲ್ಲರ ಗಡಿಗೆಗೆ ಮಾಡಿದಂತೆಯೇ ಪ್ರಾರ್ಥನೆ ಮಾಡಿ, ರಾಶಿಯಿಂದ ಒಂದು ಹಿಡಿ ಜೋಳ ತೆಗೆದು ಅದಕ್ಕೆ ಹಾಕಿದರು.

"ಖಾಲಿ ಒಯ್ಬ್ಯಾಡ್ರಿ. ನಾಳಿಂದ ಇದರ ಮ್ಯಾಲ ಹಾಕ್ರಿ."

ಅಪ್ಪ ಸುಧಾರಿಸಿದ ಎಂದು ಬರೆಯಲು ಆಸೆ. ಸುಧಾರಿಸಲಿಲ್ಲ. ಮತ್ತೆ ಮತ್ತೆ ಗಡಿಗೆ ಖಾಲಿ ಮಾಡಿದ. ಪ್ರತಿ ಸಲವೂ ಒಂದು ಹಿಡಿ ತಿರುಗಿ ಬಂತು. ಅವ್ವ ದಣಿದಳು, ಪಾದ್ರಿಗಳು ಮುದುಕರಾದರು, ಆ ಹಿಡಿ ಮಾತ್ರ ತಪ್ಪಲಿಲ್ಲ.

ನಾನು ಚರ್ಚಿಗೆ ಹೋಗದೆ ಎಷ್ಟೋ ವರ್ಷವಾಯಿತು. ಪ್ರಾರ್ಥನೆಯೂ ಬಿಟ್ಟುಹೋಗಿದೆ. ಆದರೂ ಇವತ್ತು ಗಿರಣಿಯವನು ನನ್ನ ಡಬ್ಬಿ ಇಸಿದುಕೊಳ್ಳುವಾಗ ನೋಡಿದರೆ, ನನ್ನ ಮುಷ್ಟಿಯಲ್ಲಿ ಜೋಳ. ಯಾವಾಗ ತೆಗೆದೆನೋ ಗೊತ್ತಿಲ್ಲ.

"ಅದು ಯಾರಿಗ್ರಿ ಅಮ್ಮಾ?" ಎಂದ.

ಆ ಹಿಡಿ ಜೋಳವನ್ನು ಸೆರಗಿನ ತುದಿಗೆ ಕಟ್ಟಿಕೊಂಡೆ.